ಮಾಸ್ತಿಯವರ ಮನೆ, ಊರಿನ ಗ್ರಂಥಾಲಯ

ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮದಲ್ಲಿ ಒಂದು ಹಳೆಯ ಮನೆಯಿದೆ. ಕನ್ನಡ ಸಣ್ಣಕತೆಯ ಜನಕರೆನಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಬಾಲ್ಯವನ್ನು ಕಳೆದ ಊರು ಇದು. ಅವರ ಪೂರ್ವಿಕರ ಆ ಮನೆ ಸರ್ಕಾರದ ಆಶ್ರಯದಲ್ಲಿ ಗ್ರಂಥಾಲಯವಾಗಿ ಮಾರ್ಪಟ್ಟಿದೆ.

ಮಾಸ್ತಿ ಜನಿಸಿದ್ದು 1891ರ ಜೂನ್ 6ರಂದು, ಅದೇ ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ. ಮನೆಮಾತು ತಮಿಳು. ತಂದೆಯನ್ನು ಬೇಗನೆ ಕಳೆದುಕೊಂಡ ಬಾಲಕ ಬಡತನದಲ್ಲಿಯೇ ಬೆಳೆದ. ಬಂಧುಗಳ ಆಸರೆ, ವಿದ್ಯಾರ್ಥಿವೇತನಗಳ ಬಲದಿಂದ ಓದಿದ. 1914ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಪದವಿ ಪಡೆದರು. ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಅಸಿಸ್ಟೆಂಟ್ ಕಮಿಷನರ್ ಆದರು; ಮುಂದೆ ಜಿಲ್ಲಾಧಿಕಾರಿ, ಅಬಕಾರಿ ಕಮಿಷನರ್ ಹುದ್ದೆಗಳವರೆಗೆ ಏರಿದರು. ಇಷ್ಟು ಓದಿದವರು ಇಂಗ್ಲಿಷಿನಲ್ಲಿಯೇ ಬರೆಯುವುದು ಸಹಜವೆನಿಸುತ್ತಿದ್ದ ಕಾಲವದು. ಅವರು ಮಾತ್ರ 'ಶ್ರೀನಿವಾಸ' ಎಂಬ ಹೆಸರಿನಲ್ಲಿ ಕನ್ನಡದಲ್ಲಿ ಬರೆದರು. 1920ರಲ್ಲಿ 'ಕೆಲವು ಸಣ್ಣ ಕತೆಗಳು' ಪ್ರಕಟವಾಯಿತು. ಅವರ ಆರಂಭದ ಕತೆಯೊಂದರಲ್ಲಿ ಬೆಂಗಳೂರಿನಲ್ಲಿ ಇಂಗ್ಲಿಷ್ ಕಲಿತು ಮರಳಿದ ಹುಡುಗನನ್ನು ನೋಡಲು ಊರಿಗೆ ಊರೇ ಅವನ ಮನೆಯ ಬಾಗಿಲಿಗೆ ನೆರೆಯುತ್ತದೆ. ಆ ಹಳ್ಳಿಯನ್ನು ಮಾಸ್ತಿ ಚೆನ್ನಾಗಿ ಬಲ್ಲವರಾಗಿದ್ದರು.

ಕಥೆಗಾರರಷ್ಟೇ ಅವರಲ್ಲಿ ಒಬ್ಬ ನಿಷ್ಠುರ ಅಧಿಕಾರಿಯೂ ಇದ್ದರು. ಮಂತ್ರಿಪದವಿಗೆ ತಮಗಿಂತ ಕಿರಿಯರೊಬ್ಬರು ನೇಮಕವಾದಾಗ, 1943ರಲ್ಲಿ ಅವರು ರಾಜೀನಾಮೆ ನೀಡಿ ಹೊರಬಂದರು. ಮೂರು ದಶಕಗಳ ಹತ್ತಿರದ ಸೇವೆಯನ್ನು ಹಾಗೆ ತೊರೆಯುವುದು ಅಂದಿನ ಮಧ್ಯಮವರ್ಗದ ಸಂಸಾರಕ್ಕೆ ಸಣ್ಣ ಮಾತಲ್ಲ. ಆದರೆ ಆ ಅಸಮಾಧಾನದಿಂದ ಕನ್ನಡಕ್ಕೆ ಲಾಭವೇ ಆಯಿತೆನ್ನಬೇಕು. ಮರುವರ್ಷದಿಂದ 1965ರವರೆಗೆ ಅವರು 'ಜೀವನ' ಮಾಸಪತ್ರಿಕೆಯ ಸಂಪಾದಕರಾಗಿದ್ದರು. 'ಚೆನ್ನಬಸವನಾಯಕ', 'ಚಿಕವೀರ ರಾಜೇಂದ್ರ' ಕಾದಂಬರಿಗಳು ಬಂದುದೂ ನಿವೃತ್ತಿಯ ಬಳಿಕವೇ. ಎರಡನೆಯದರ ವಸ್ತು, 1834ರಲ್ಲಿ ಬ್ರಿಟಿಷರಿಗೆ ರಾಜ್ಯವನ್ನು ಕಳೆದುಕೊಂಡ ಕೊಡಗಿನ ಕೊನೆಯ ಅರಸನ ಪತನ. ಅರಸನನ್ನು ಖಂಡಿಸುವುದು ಸುಲಭವಿತ್ತು. ಮಾಸ್ತಿ ಅವನ ಕೇಡನ್ನು ಮುಚ್ಚಿಡದೆ, ಅವನ ಮೇಲೆ ಮರುಕವನ್ನೂ ಉಳಿಸಿಕೊಂಡರು. 1983ರ ಜ್ಞಾನಪೀಠ ಪ್ರಶಸ್ತಿ ಅವರನ್ನು ಅರಸಿ ಬಂದಾಗ ತೊಂಬತ್ತೆರಡು ದಾಟಿತ್ತು. ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1968ರಲ್ಲಿಯೇ ಸಣ್ಣಕತೆಗಳಿಗೆ ಸಂದಿತ್ತು.

ಬೆಂಗಳೂರಿನ ಗವಿಪುರದ ಮನೆಯಿಂದ ಕೊಡೆ ಹಿಡಿದು ಸಂಜೆ ಬಸವನಗುಡಿ ಕ್ಲಬ್ಬಿಗೆ ನಡೆದುಹೋಗಿ ಇಸ್ಪೀಟಾಡುವುದು ಅವರ ನಿತ್ಯದ ಪರಿಪಾಠ. ಇಷ್ಟು ದೊಡ್ಡ ಲೇಖಕರು ಇಸ್ಪೀಟಾಡುವುದೇ ಎಂದು ಹುಬ್ಬೇರಿಸಿದವರೂ ಇದ್ದಿರಬಹುದು. 1986ರ ಜೂನ್ 6ರಂದು, ತೊಂಬತ್ತೈದು ತುಂಬಿದ ಜನ್ಮದಿನದಂದೇ, ಅವರು ನಿಧನರಾದರು.

'ಮಾಸ್ತಿ ಕನ್ನಡದ ಆಸ್ತಿ' ಎಂಬುದು ನಾಡಿನಲ್ಲಿ ಸವೆದುಹೋದ ಮಾತು. ಕುಟುಂಬದ ಪಾಲಿಗೆ ಆಸ್ತಿಯಾಗಿದ್ದ ಮಾಸ್ತಿ ಗ್ರಾಮದ ಮನೆಯಲ್ಲಿ ಈಗ ಇರುವುದು ಓದುಗರು ಕೈಗೆತ್ತಿಕೊಳ್ಳಬಹುದಾದ ಪುಸ್ತಕಗಳು.