ರಂಗದ ಮುಂದಿನ ತಗ್ಗಿನಲ್ಲಿ ಕೂತವರು

ಮಕ್ಕಳೇ, ವಿಯೆನ್ನಾದ ರಿಂಗ್ ರಸ್ತೆಯಲ್ಲಿ ಟ್ರಾಮ್ ಹತ್ತಿದಾಗಲೆಲ್ಲ ಒಪೆರಾ ಮಂದಿರವನ್ನು ಕಿಟಕಿಯಿಂದ ನೋಡಿರುತ್ತೀರಿ. ಒಳಗೆ ರಂಗದ ಮುಂದೆ ಒಂದು ತಗ್ಗು ಇದೆ. ಅಲ್ಲಿ ಕೂತು ನುಡಿಸುವವರ ಕಥೆ ಹೇಳುತ್ತೇನೆ.

ಒಪೆರಾ ಎಂದರೆ ಹಾಡಿನಲ್ಲೇ ನಡೆಯುವ ನಾಟಕ. ನಾನು ಉಡುಪಿ ಕಡೆಯವಳು, ಅಜ್ಜನ ಪಕ್ಕ ಕೂತು ಬೆಳಗಿನವರೆಗೆ ಯಕ್ಷಗಾನ ನೋಡಿ ಬೆಳೆದವಳು. ಹಿಮ್ಮೇಳ ಸೊರಗಿದರೆ ಎಂಥ ವೇಷವೂ ಮೇಲೇಳುವುದಿಲ್ಲ ಎನ್ನುತ್ತಿದ್ದರು ಅಜ್ಜ. ಇಲ್ಲಿಯೂ ಹಾಗೆಯೇ. ಹಾಡುವವರು ಒಂದು ಸ್ವರವನ್ನು ತುಸು ಹೆಚ್ಚು ಹಿಡಿದರೆ ಇಡೀ ವೃಂದ ಅವರಿಗಾಗಿ ಕಾಯಬೇಕು. ವರ್ಷಕ್ಕೆ 300ಕ್ಕೂ ಹೆಚ್ಚು ಪ್ರದರ್ಶನ. ಇಂದು ಮೊಜಾರ್ಟ್, ನಾಳೆ ವರ್ಡಿ. ಈ ವೃಂದದ ಕಿವಿ ಅಷ್ಟು ಸೂಕ್ಷ್ಮವಾದದ್ದು ಆ ದುಡಿಮೆಯಿಂದಲೇ.

ಮಂದಿರ ತೆರೆದದ್ದು 1869ರಲ್ಲಿ. ವೃಂದ ಅದಕ್ಕಿಂತ ಹಳೆಯದು. ಆಸ್ಥಾನದ ಒಪೆರಾ ವಾದಕರೇ 1842ರಲ್ಲಿ ಒಟ್ಟೋ ನಿಕೊಲಾಯ್ ಅವರೊಡನೆ ತಮ್ಮದೇ ಕಚೇರಿ ಶುರುಮಾಡಿದರು. ಹೊಸವರ್ಷದ ಬೆಳಿಗ್ಗೆ ಟೀವಿಯಲ್ಲಿ ಬರುವ ವಿಯೆನ್ನಾ ಫಿಲ್ಹಾರ್ಮೋನಿಕ್ ಅದೇ. ನಮ್ಮ ಮುಂಬಯಿಯ ಜುಬಿನ್ ಮೆಹ್ತಾ ಆ ಕಚೇರಿಯನ್ನು ಐದು ಸಲ ನಡೆಸಿಕೊಟ್ಟಿದ್ದಾರೆ. ಇಂದಿಗೂ ಮೊದಲು ಒಪೆರಾದಲ್ಲಿ ಕೆಲಸ ಸಿಗಬೇಕು, ಅಲ್ಲಿ ಮೂರು ವರ್ಷ ನುಡಿಸಬೇಕು, ಆಮೇಲೆಯೇ ಫಿಲ್ಹಾರ್ಮೋನಿಕ್ ಸದಸ್ಯತ್ವ.

ನನಗೆ ಎಲ್ಲಕ್ಕಿಂತ ಇಷ್ಟ ಅವರ ಹಾರ್ನ್. ಬೇರೆಡೆ ಬಿಟ್ಟುಬಿಟ್ಟ ಹಳೆಯ ಮಾದರಿಯನ್ನು ಇವರು ಉಳಿಸಿಕೊಂಡಿದ್ದಾರೆ. ಎಫ್ ಶ್ರುತಿಯ ಉದ್ದ ಕೊಳವೆ. ತುಟಿ ಸ್ವಲ್ಪ ಸಡಿಲಾದರೂ ಸ್ವರ ಜಾರುತ್ತದೆ. ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಅದು ಸಾಗುವ ನಯ ಬೇರೆ ಯಾವ ಹಾರ್ನಿಗೂ ಇಲ್ಲ. ಓಬೋ ಕೂಡ ವಿಯೆನ್ನಾದ್ದೇ. ಟಿಂಪನಿಗೆ ಇಂದಿಗೂ ಮೇಕೆಯ ಚರ್ಮ. ಕಣ್ಣು ಮುಚ್ಚಿ ಕೇಳಿದರೂ ಗುರುತು ಸಿಗುವ ನಾದ ಅದು.

ನೋವಿನ ಪುಟಗಳೂ ಇವೆ. 1881ರಿಂದ ಮುಂದಾಳು ಪಿಟೀಲುವಾದಕರಾಗಿದ್ದ ಆರ್ನಾಲ್ಡ್ ರೋಸೆ ಅವರನ್ನು ಯಹೂದಿ ಎಂಬ ಕಾರಣಕ್ಕೆ 1938ರಲ್ಲಿ ಹೊರಹಾಕಿದರು. ಇಳಿವಯಸ್ಸಿನಲ್ಲಿ ಅವರು ಲಂಡನ್ ಸೇರಿದರು. ಕೆಲವು ಸಹವಾದಕರು ನಾಜಿ ಶಿಬಿರಗಳಲ್ಲಿ ಸತ್ತರು. ಹೆಣ್ಣುಮಕ್ಕಳಿಗೂ ಬಹಳ ಕಾಲ ಅನ್ಯಾಯವಾಯಿತು. ಹಾರ್ಪ್ ವಾದಕಿ ಆನಾ ಲೆಲ್ಕೆಶ್ ಇಪ್ಪತ್ತಕ್ಕೂ ಹೆಚ್ಚು ವರ್ಷ ಜೊತೆಗೆ ನುಡಿಸಿದ ಮೇಲೆ, 1997ರಲ್ಲಿ, ಮೊದಲ ಮಹಿಳಾ ಸದಸ್ಯೆಯಾದರು.

ನಮ್ಮ ನಾಡಿಗೂ ಈ ಲೋಕಕ್ಕೂ ನಂಟಿದೆ. ರಿಚರ್ಡ್ ಸ್ಟ್ರಾಸ್ 1919ರಿಂದ ಕೆಲವು ವರ್ಷ ಈ ಒಪೆರಾದ ನಿರ್ದೇಶಕರಲ್ಲಿ ಒಬ್ಬರು. ಅವರ ಕೊನೆಯ ನಾಲ್ಕು ಗೀತೆಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಸಿದ್ದು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ ನೆರವಿನಿಂದ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ತಂದೆತಾಯಂದಿರಿಗೆ ಒಂದು ಮಾತು. ಶನಿವಾರ ಕರ್ನಾಟಕ ಸಂಗೀತದ ಪಾಠಕ್ಕೆ ತಪ್ಪದೆ ಕಳಿಸುತ್ತೇವೆ, ಬಹಳ ಒಳ್ಳೆಯದು. ಆದರೆ ಮಕ್ಕಳು ಉಳಿದದ್ದನ್ನೆಲ್ಲ ಹೆಡ್‌ಫೋನಿನಲ್ಲೇ ಕೇಳುತ್ತಿದ್ದಾರೆ. ನೂರು ಜನ ಒಟ್ಟಿಗೆ ಉಸಿರು ಹಿಡಿದು ನುಡಿಸುವುದನ್ನು ಕಣ್ಣಾರೆ ನೋಡದೆ ದೊಡ್ಡವರಾಗಿಬಿಡುತ್ತಾರೆ ಎಂಬ ಆತಂಕ ನನಗೆ. ನಿಂತು ನೋಡುವ ಟಿಕೆಟ್ ತೀರಾ ಅಗ್ಗ. ಜೂನ್ ಕೊನೆಗೆ ಮಂದಿರ ಬೇಸಿಗೆ ರಜೆಗೆ ಮುಚ್ಚುತ್ತದೆ. ಅಷ್ಟರೊಳಗೆ ಒಂದು ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಿ.