ಪಿಸ್ಟನ್ ಒಡೆದ ಮೇಲೆ ಪರಿಚಯವಾದ ರಿಕಾರ್ಡೊ

ಚೆನ್ನೈಗೆ ಬಂದು ಒಂಬತ್ತು ವರ್ಷವಾಯಿತು. ಕಾರಿನ ಎಂಜಿನ್ ನಿಯಂತ್ರಿಸುವ ಸಾಫ್ಟ್‌ವೇರ್ ಬರೆಯುವುದು ನನ್ನ ಹೊಟ್ಟೆಪಾಡು. ಹೋದ ವರ್ಷ ಮೂವರು ಗೆಳೆಯರು ದುಡ್ಡು ಕೂಡಿಸಿ, ರೇಸ್ ಟ್ರ್ಯಾಕ್‌ನಲ್ಲಿ ಮಾತ್ರ ಓಡಿಸಲೆಂದು ಕೊಂಡ ಹಳೆಯ 1600 ಸಿಸಿ ಕಾರಿಗೆ ಟರ್ಬೊ ಕೂರಿಸಿದೆವು. ಪಿಸ್ಟನ್ ಬದಲಿಸುವ ಖರ್ಚು ಬೇಡ, ಸಾಫ್ಟ್‌ವೇರ್‌ನಲ್ಲೇ ಸರಿಮಾಡುತ್ತೇನೆ ಎಂದವನು ನಾನೇ. ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ನ ಮೂರನೇ ಸುತ್ತಿನಲ್ಲಿ ಎಂಜಿನ್ ಒಳಗೆ ಸುತ್ತಿಗೆಯಲ್ಲಿ ಕುಟ್ಟಿದಂಥ ಸದ್ದು. ಬಿಚ್ಚಿ ನೋಡಿದರೆ ಎರಡು ಪಿಸ್ಟನ್‌ಗಳು ರಿಂಗ್ ಕೂರುವ ಜಾಗದಲ್ಲೇ ಒಡೆದಿದ್ದವು. ಆ ಸದ್ದಿನ ಬೆನ್ನು ಹತ್ತಿ ಓದುತ್ತಾ ಹೋದಾಗ ಸಿಕ್ಕವರು ಹ್ಯಾರಿ ರಿಕಾರ್ಡೊ.

ಅವರು ಹುಟ್ಟಿದ್ದು 1885ರಲ್ಲಿ, ಲಂಡನ್‌ನಲ್ಲಿ. ತಂದೆ ವಾಸ್ತುಶಿಲ್ಪಿ. ತಾಯಿಯ ತಂದೆ ಅಲೆಕ್ಸಾಂಡರ್ ರೆಂಡೆಲ್ ನಮ್ಮ ದೇಶದ ರೈಲ್ವೆಗಳಿಗೆ ಸಲಹಾ ಎಂಜಿನಿಯರ್ ಆಗಿದ್ದವರು. ಕೇಂಬ್ರಿಡ್ಜ್‌ನಲ್ಲಿ ಓದುವಾಗ ಒಂದು ಸ್ಪರ್ಧೆ ನಡೆಯಿತು: ಒಂದು ಲೀಟರಿಗಿಂತ ತುಸು ಹೆಚ್ಚು ಪೆಟ್ರೋಲಿನಲ್ಲಿ ಯಾರು ಅತಿ ದೂರ ಹೋಗುತ್ತಾರೆ? ತಾವೇ ಕಟ್ಟಿದ ಎಂಜಿನ್‌ನ ಬೈಕಿನಲ್ಲಿ 40 ಮೈಲಿ ಕ್ರಮಿಸಿ ರಿಕಾರ್ಡೊ ಗೆದ್ದರು. ಪ್ರಾಧ್ಯಾಪಕ ಬರ್ಟ್ರಾಮ್ ಹಾಪ್ಕಿನ್ಸನ್ ಈ ಹುಡುಗನನ್ನು ಎಂಜಿನ್ ಸಂಶೋಧನೆಗೆ ಎಳೆದುಕೊಂಡರು. ಪದವಿಯ ನಂತರ ಅಜ್ಜನ ಸಂಸ್ಥೆ ಸೇರಿದರೂ ಮನಸ್ಸು ಎಂಜಿನ್‌ನಲ್ಲೇ ಉಳಿಯಿತು.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಟ್ಯಾಂಕ್‌ಗಳು ಹೊಗೆ ಕಾರಿ ಶತ್ರುವಿಗೆ ತಮ್ಮ ಜಾಗ ತೋರಿಸಿಕೊಡುತ್ತಿದ್ದವು. ಎಣ್ಣೆ ಮೇಲೇರಿ ಸುಡದಂತೆ ಬೇರೆಯೇ ಬಗೆಯ ಪಿಸ್ಟನ್ ಯೋಚಿಸಿ, ರಿಕಾರ್ಡೊ 150 ಅಶ್ವಶಕ್ತಿಯ ಎಂಜಿನ್ ರೂಪಿಸಿದರು. ಮಾರ್ಕ್ 5 ಟ್ಯಾಂಕ್ ಓಡಿದ್ದು ಅದರ ಬಲದಿಂದ.

ಅವರ ದೊಡ್ಡ ಕೆಲಸ ನನ್ನ ಒಡೆದ ಪಿಸ್ಟನ್‌ಗೆ ಸಂಬಂಧಿಸಿದ್ದು. ಸ್ಪಾರ್ಕ್ ಹಚ್ಚಿದ ಬೆಂಕಿ ಸಿಲಿಂಡರಿನ ತುದಿ ಮುಟ್ಟುವ ಮೊದಲೇ, ಅಲ್ಲಿ ಉಳಿದ ಮಿಶ್ರಣ ಒತ್ತಡಕ್ಕೆ ಕಾದು ತಾನಾಗಿಯೇ ಸಿಡಿದರೆ ಆ ಕುಟ್ಟುವ ಸದ್ದು ಬರುತ್ತದೆ. ಇದನ್ನು ಅಳೆಯಲು ಅವರು ಇ35 ಎಂಬ ಎಂಜಿನ್ ಕಟ್ಟಿದರು. ಅದು ಓಡುತ್ತಿರುವಾಗಲೇ ಕಂಪ್ರೆಷನ್ ರೇಶಿಯೋ ಏರಿಸಿ ಇಳಿಸಬಹುದಿತ್ತು. ಒಂದೊಂದೇ ಇಂಧನ ಹಾಕಿ, ಯಾವುದು ಎಷ್ಟು ಒತ್ತಡ ತಾಳುತ್ತದೆಂದು ಬರೆದಿಟ್ಟರು. ಇಂದಿನ ಆಕ್ಟೇನ್ ಸಂಖ್ಯೆಗೆ ದಾರಿ ಮಾಡಿದ್ದು ಇಂಥ ಅಳತೆಗಳು. ಅಂದರೆ ರೇಶಿಯೋ ಎಂಬುದು ಇಂಧನ ಕೇಳಿ ಇಡಬೇಕಾದ ಲೆಕ್ಕ, ಎಂಜಿನಿಯರನ ಆಸೆ ಕೇಳಿ ಅಲ್ಲ.

ಮುಂದೆ ಶೋರಮ್ ಊರಿನಲ್ಲಿ ಪ್ರಯೋಗಾಲಯ ನಡೆಸಿದರು. ಅಲ್ಲಿ ರೂಪುಗೊಂಡ ಕಾಮೆಟ್ ದಹನಕೋಣೆ ಲಂಡನ್ ಬಸ್ಸುಗಳ ಡೀಸೆಲ್ ಎಂಜಿನ್‌ಗಳನ್ನು ಸೇರಿತು. 1929ರಲ್ಲಿ ರಾಯಲ್ ಸೊಸೈಟಿಯ ಫೆಲೊ, 1948ರಲ್ಲಿ ಸರ್ ಪದವಿ. 1974ರಲ್ಲಿ ತೀರಿಕೊಂಡಾಗ ವಯಸ್ಸು 89.

ನಮ್ಮ ಎಂಜಿನ್‌ನ ರೇಶಿಯೋ 10.5 ಇತ್ತು. ಟರ್ಬೊ ಮೊದಲೇ ಒತ್ತಿ ಬಿಸಿ ಮಾಡಿದ ಗಾಳಿಯನ್ನು ಮತ್ತೆ ಅಷ್ಟು ಹಿಂಡಿದ್ದು ನನ್ನ ತಪ್ಪು. ಕಿಡಿಯನ್ನು ತಡಮಾಡಿಸಿ ಸಾಫ್ಟ್‌ವೇರ್ ಸ್ವಲ್ಪ ಕಾಪಾಡಬಹುದು, ಪೂರ್ತಿ ಅಲ್ಲ. ಈಗ 8.5ಕ್ಕೆ ಇಳಿಸುತ್ತಿದ್ದೇವೆ. ಪ್ರತಿ ಸಿಲಿಂಡರ್ 400 ಸಿಸಿ. ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 42 ಸಿಸಿಯಿಂದ 53ಕ್ಕೆ ಏರಬೇಕು. ಹಾಗಾಗಿ ತಲೆಯಲ್ಲಿ 11 ಸಿಸಿ ಹೆಚ್ಚು ತಗ್ಗಿರುವ ಫೋರ್ಜ್ಡ್ ಪಿಸ್ಟನ್ ತರಿಸಿದ್ದೇವೆ. ಟರ್ಬೊ ಎಚ್ಚೆತ್ತುಕೊಳ್ಳುವವರೆಗೆ ಕಾರು ಮಂದವಾಗಿರುತ್ತದೆ. ಗೆಳೆಯರು ಒಪ್ಪಿದ್ದಾರೆ. ಈ ಸಲದ ಖರ್ಚು ಮಾತ್ರ ಪೂರಾ ನನ್ನದು.