ಗಾಂಧೀಜಿಗೆ ಎರಡು ತಿಂಗಳು, ಇಂದಿನ ರೋಗಿಗೆ ಎರಡೇ ದಿನ: ಹೊಟ್ಟೆ ಆಪರೇಷನ್ ಆದವರನ್ನು ಬೇಗ ಮನೆಗೆ ಕಳಿಸುವುದು ಸರಿಯೇ?

ತೂಕ ಇಳಿಸುವ ಆಪರೇಷನ್ ಆದವರನ್ನು ಎರಡು-ಮೂರು ದಿನಕ್ಕೇ ಮನೆಗೆ ಕಳಿಸುತ್ತಾರೆ ಎಂದರೆ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಹಳ್ಳಿಗಳಲ್ಲಿ ಎಷ್ಟೋ ಹಿರಿಯರು ನಂಬುವುದಿಲ್ಲ. ಹೊಟ್ಟೆಗೆ ಕತ್ತರಿ ಬಿದ್ದ ಮೇಲೆ ತಿಂಗಳಾದರೂ ಹಾಸಿಗೆ ಬಿಟ್ಟು ಏಳಬಾರದು, ಬೇಗ ಕಳಿಸುವುದೆಲ್ಲ ಮುಂದಿನ ರೋಗಿಗೆ ಕಾಟ್ ಖಾಲಿ ಮಾಡಿಸುವ ದಂಧೆ ಎಂಬ ಮಾತು ಊರ ಕಟ್ಟೆಯಿಂದ ವಾಟ್ಸಾಪ್‌ವರೆಗೆ ಹರಿದಾಡುತ್ತದೆ. ಇದಕ್ಕೆ ಪೂರ್ತಿ ಉಲ್ಟಾ ಆದ ನಂಬಿಕೆಯೂ ಒಂದಿದೆ: ಎರಡೇ ದಿನಕ್ಕೆ ಕಳಿಸಿದರೆಂದರೆ ಎಲ್ಲ ಮುಗಿಯಿತು, ಇನ್ನು ಏನು ತಿಂದರೂ ನಡೆಯುತ್ತದೆ.

ಎರಡೂ ಸರಿಯಲ್ಲ. ಏಕೆ ಎಂದು ತಿಳಿಯಲು ಎಲ್ಲರಿಗೂ ಗೊತ್ತಿರುವ ಒಬ್ಬ ವ್ಯಕ್ತಿಯ ಜೀವನವನ್ನು ನೋಡೋಣ. ಅವರು ಮಹಾತ್ಮ ಗಾಂಧಿ. ಅವರಿಗೆ ತೂಕ ಇಳಿಸುವ ಆಪರೇಷನ್ ಆಗಿರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2019ರಲ್ಲಿ ಪ್ರಕಟಿಸಿದ ಅವರ ಆರೋಗ್ಯ ದಾಖಲೆಯಲ್ಲಿ ಎತ್ತರ 5 ಅಡಿ 5 ಇಂಚು, ತೂಕ 46.7 ಕೆ.ಜಿ. ಎಂದಿದೆ. ಆದರೆ ಹೊಟ್ಟೆಯ ಆಪರೇಷನ್, ಆಸ್ಪತ್ರೆ ವಾಸ, ಮನೆಗೆ ಬಂದ ಮೇಲಿನ ಊಟ, ವಿಶ್ರಾಂತಿ ಎಲ್ಲವನ್ನೂ ಅನುಭವಿಸಿದವರು ಅವರು.

ಆಸ್ಪತ್ರೆಯನ್ನು ಮೆಚ್ಚದ ಆರೈಕೆದಾರ

ಮೋಹನದಾಸ ಕರಮಚಂದ ಗಾಂಧಿ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಗುಜರಾತಿನ ಪೋರಬಂದರಿನಲ್ಲಿ. ಲಂಡನ್ನಿನಲ್ಲಿ ಕಾನೂನು ಓದಿ, 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ಅಲ್ಲಿ ಬೋಯರ್ ಯುದ್ಧದ ಕಾಲಕ್ಕೆ ಗಾಯಾಳುಗಳನ್ನು ಹೊರುವ ಭಾರತೀಯರ ತಂಡ ಕಟ್ಟಿದರು. 1904ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಪ್ಲೇಗ್ ಬಂದಾಗ ರೋಗಿಗಳ ಪಕ್ಕದಲ್ಲಿ ನಿಂತು ಸೇವೆ ಮಾಡಿದರು. 1900ರಲ್ಲಿ ಕೊನೆಯ ಮಗ ದೇವದಾಸ ಹುಟ್ಟಿದಾಗ ಹೆರಿಗೆಯನ್ನೂ ತಾವೇ ನೋಡಿಕೊಂಡರು.

ಹೀಗೆ ರೋಗಿಗಳ ಆರೈಕೆ ಎಂದರೆ ಅವರಿಗೆ ಪ್ರೀತಿ, ಆದರೆ ಆಸ್ಪತ್ರೆ ಎಂದರೆ ಅಸಮಾಧಾನ. 1909ರಲ್ಲಿ ಬರೆದ ಹಿಂದ್ ಸ್ವರಾಜ್ ಪುಸ್ತಕದಲ್ಲಿ ವೈದ್ಯರನ್ನೂ ಆಸ್ಪತ್ರೆಗಳನ್ನೂ ಕಟುವಾಗಿ ಟೀಕಿಸಿದ್ದರು. ಪಥ್ಯ, ಉಪವಾಸ, ನೀರು, ಮಣ್ಣಿನ ಪಟ್ಟಿ ಇವುಗಳಿಂದಲೇ ದೇಹ ಸರಿಹೋಗುತ್ತದೆ ಎಂಬುದು ಅವರ ನಂಬಿಕೆ. ಮುಂದಿನ ವರ್ಷಗಳಲ್ಲಿ ಅವರ ದೇಹವೇ ಆ ನಂಬಿಕೆಯನ್ನು ಎರಡು ಸಲ ಪರೀಕ್ಷೆಗೆ ಒಡ್ಡಿತು.

1918: ಪ್ರೀತಿಯಿಂದ ಬಡಿಸಿದ ಊಟ

ಭಾರತಕ್ಕೆ ಮರಳಿ ಮೂರು ವರ್ಷವಾಗಿತ್ತು. ಖೇಡಾ ಜಿಲ್ಲೆಯಲ್ಲಿ ಊರೂರು ಅಲೆದು ಗಾಂಧೀಜಿಗೆ ಆಮಶಂಕೆ ಶುರುವಾಗಿತ್ತು. ಊಟ ಬಿಟ್ಟು ಕರುಳಿಗೆ ವಿಶ್ರಾಂತಿ ಕೊಡುತ್ತಿದ್ದರು, ಗುಣವೂ ಕಾಣುತ್ತಿತ್ತು. ಅಷ್ಟರಲ್ಲಿ ಹಬ್ಬ ಬಂತು. ಕಸ್ತೂರಬಾ ಗೋಧಿಯ ಸಿಹಿ ಗಂಜಿಯನ್ನೂ ಹೆಸರುಕಾಳನ್ನೂ ಮಾಡಿಟ್ಟಿದ್ದರು. ಹೆಂಡತಿಯ ಮನಸ್ಸು ನೋಯಿಸಬಾರದೆಂದು ತುಸು ತಿನ್ನಲು ಕುಳಿತವರು ಹೊಟ್ಟೆತುಂಬ ತಿಂದರು. ಒಂದು ಗಂಟೆಯೊಳಗೆ ರೋಗ ತಿರುಗಿ ಬಿತ್ತು. ದಿನಕ್ಕೆ ಮೂವತ್ತು-ನಲವತ್ತು ಸಲ ಬಯಲುಕಡೆ ಹೋಗುವ ಸ್ಥಿತಿ ಬಂದು, ಸಾವು ಹತ್ತಿರವಾಯಿತು ಎಂದೇ ಅವರಿಗೆ ಅನ್ನಿಸಿತ್ತು.

ಚೇತರಿಕೆ ತಿಂಗಳುಗಟ್ಟಲೆ ಎಳೆಯಿತು. 1919ರ ಆರಂಭದಲ್ಲಿ ಮುಂಬೈಯ ಡಾ. ದಲಾಲ್ ಅವರಿಂದ ಗುದದ್ವಾರದ ತೊಂದರೆಗೆ ಆಪರೇಷನ್ ಆಗಬೇಕಿತ್ತು. ಅಷ್ಟು ಸೊರಗಿದ ದೇಹ ಹಾಲಿಲ್ಲದೆ ಬಲಗೊಳ್ಳದು ಎಂದು ವೈದ್ಯರು ಹೇಳಿದರು. ಹಾಲು ಕುಡಿಯೆನೆಂದು ಗಾಂಧೀಜಿ ವ್ರತ ತೊಟ್ಟಿದ್ದರು. ಆಡಿನ ಹಾಲಾದರೂ ಆಗಬಹುದಲ್ಲ ಎಂದು ದಾರಿ ತೋರಿಸಿದವರು ಕಸ್ತೂರಬಾ. ಅದನ್ನು ಕುಡಿದು ಶಕ್ತಿ ಬಂದ ಮೇಲೆಯೇ ಆಪರೇಷನ್ ಆಯಿತು.

ಇಲ್ಲಿ ಎರಡು ಪಾಠಗಳಿವೆ. ಆಪರೇಷನ್‌ಗೆ ಮೊದಲು ದೇಹವನ್ನು ಆಹಾರದಿಂದ ಸಿದ್ಧಮಾಡಬೇಕು. ಹೊಟ್ಟೆ ಸೋತಿರುವಾಗ ಪ್ರೀತಿಯಿಂದ ಬಡಿಸಿದ ಊಟವೂ ಅಪಾಯ ತರಬಹುದು.

1924: ಲಾಟೀನಿನ ಬೆಳಕಿನಲ್ಲಿ ಆಪರೇಷನ್

1922ರ ಮಾರ್ಚ್‌ನಲ್ಲಿ ರಾಜದ್ರೋಹದ ಆರೋಪದ ಮೇಲೆ ಗಾಂಧೀಜಿಗೆ 6 ವರ್ಷ ಸಜೆಯಾಯಿತು. ಪುಣೆಯ ಯೆರವಡಾ ಜೈಲಿನಲ್ಲಿದ್ದಾಗ ಹೊಟ್ಟೆನೋವು ಜೋರಾಯಿತು. ಅದು ಅಪೆಂಡಿಸೈಟಿಸ್. 1924ರ ಜನವರಿ 12ರಂದು ಅವರನ್ನು ಪುಣೆಯ ಸಸೂನ್ ಆಸ್ಪತ್ರೆಗೆ ತಂದರು. ಅವರು ಬಯಸಿದ ಡಾ. ದಲಾಲ್ ಆಗಲಿ ಡಾ. ಜೀವರಾಜ ಮೆಹ್ತಾ ಆಗಲಿ ಹೊತ್ತಿಗೆ ಸರಿಯಾಗಿ ಸಿಗಲಿಲ್ಲ. ಕಾಯುವಂತಿರಲಿಲ್ಲ. ಆಸ್ಪತ್ರೆಯ ಬ್ರಿಟಿಷ್ ಶಸ್ತ್ರವೈದ್ಯ ಕರ್ನಲ್ ಮ್ಯಾಡಾಕ್ ಅವರಿಂದಲೇ ಆಪರೇಷನ್‌ಗೆ ಒಪ್ಪಿ, ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳ ಎದುರು ಒಪ್ಪಿಗೆ ಪತ್ರಕ್ಕೆ ನಡುಗುವ ಕೈಯಿಂದ ಸಹಿ ಹಾಕಿದರು. ಆಸ್ಪತ್ರೆಗಳನ್ನು ಟೀಕಿಸಿದ್ದ ಕೈ ಅದು. ಜೀವದ ಪ್ರಶ್ನೆ ಬಂದಾಗ ಅವರು ಹಟ ಹಿಡಿಯಲಿಲ್ಲ.

ಅಂದು ರಾತ್ರಿ ಗುಡುಗು-ಮಳೆ. ಆಪರೇಷನ್ ನಡುವೆಯೇ ಕರೆಂಟ್ ಹೋಯಿತು. ಟಾರ್ಚ್ ಹಿಡಿದರು, ಅದೂ ಕೈಕೊಟ್ಟಿತು. ಕೊನೆಗೆ ಲಾಟೀನಿನ ಬೆಳಕಿನಲ್ಲಿ ಕೆಲಸ ಮುಗಿಯಿತು. ಆಪರೇಷನ್ ಯಶಸ್ವಿಯಾಯಿತು, ಆದರೆ ಒಳಗೆ ಕೀವು ಕಟ್ಟಿ ಗಾಯ ಮಾಯುವುದು ತಡವಾಯಿತು. ಫೆಬ್ರವರಿ 5ರಂದು ಸರ್ಕಾರ ಅವರನ್ನು ಬಿಡುಗಡೆ ಮಾಡಿತು. ಬಿಡುಗಡೆಯಾದರೂ ಅವರು ಮಾರ್ಚ್‌ವರೆಗೆ ಆಸ್ಪತ್ರೆಯಲ್ಲೇ ಇರಬೇಕಾಯಿತು. ಒಟ್ಟು ಸುಮಾರು ಎರಡು ತಿಂಗಳು. ಬಳಿಕ ಮುಂಬೈಯ ಜುಹು ಕಡಲತೀರದಲ್ಲಿ ಮತ್ತೆ ಎರಡು ತಿಂಗಳಿಗೂ ಹೆಚ್ಚು ವಿಶ್ರಾಂತಿ.

ಅಷ್ಟು ದಿನ ಏಕೆ ಬೇಕಾಯಿತು?

ಆ ಕಾಲಕ್ಕೆ ಆಂಟಿಬಯಾಟಿಕ್ ಇರಲಿಲ್ಲ. ಪೆನಿಸಿಲಿನ್ ಪತ್ತೆಯಾದದ್ದು 1928ರಲ್ಲಿ, ರೋಗಿಗಳಿಗೆ ವ್ಯಾಪಕವಾಗಿ ಸಿಕ್ಕಿದ್ದು 1940ರ ದಶಕದಲ್ಲಿ. ಕೀವಾದರೆ ಗಾಯ ತಾನಾಗಿ ಮಾಯುವವರೆಗೆ ಡ್ರೆಸಿಂಗ್ ಮಾಡುತ್ತ ಕಾಯುವುದೊಂದೇ ದಾರಿ. ಹೊಟ್ಟೆಯನ್ನು ಉದ್ದಕ್ಕೆ ಕೊಯ್ದು ತೆರೆಯುತ್ತಿದ್ದರು. ಅಲುಗಾಡಿದರೆ ಹೊಲಿಗೆ ಬಿಚ್ಚುತ್ತದೆ ಎಂಬ ಭಯದಿಂದ ರೋಗಿಯನ್ನು ವಾರಗಟ್ಟಲೆ ಮಲಗಿಸುತ್ತಿದ್ದರು.

ನಮ್ಮ ಮನೆಗಳಲ್ಲಿ ಉಳಿದುಕೊಂಡಿರುವುದು ಆ ಕಾಲದ ನೆನಪು. ಹಿರಿಯರು ಹೇಳುವುದು ಸುಳ್ಳಲ್ಲ, ಆಗ ಹಾಗೆಯೇ ಇತ್ತು. ಆದರೆ ಹೆಚ್ಚು ದಿನ ಮಲಗಿದ್ದರಿಂದ ರೋಗಿ ಬೇಗ ಗುಣವಾಗುತ್ತಿರಲಿಲ್ಲ. ಮಲಗಿದಷ್ಟೂ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ, ಎದೆಯಲ್ಲಿ ಕಫ ಕಟ್ಟುವ, ಸ್ನಾಯು ಸೊರಗುವ ಅಪಾಯ ಹೆಚ್ಚು ಎಂದು ವೈದ್ಯರಿಗೆ ನಿಧಾನವಾಗಿ ತಿಳಿಯಿತು.

ಇಂದು ತೂಕ ಇಳಿಸುವ ಆಪರೇಷನ್ ಹೆಚ್ಚಾಗಿ ದುರ್ಬೀನಿನಿಂದ, ಅಂದರೆ ಲ್ಯಾಪ್ರೊಸ್ಕೋಪಿಯಿಂದ ನಡೆಯುತ್ತದೆ. ನಾಲ್ಕೈದು ಸಣ್ಣ ರಂಧ್ರ ಸಾಕು. ಆದ್ದರಿಂದ ನೋವು ಕಡಿಮೆ, ಗಾಯಕ್ಕೆ ಸೋಂಕು ತಗಲುವುದೂ ಕಡಿಮೆ. ಆಪರೇಷನ್ ಆದ ದಿನವೇ ಅಥವಾ ಮರುದಿನ ಎಬ್ಬಿಸಿ ನಡೆಸುತ್ತಾರೆ. ಗುಟುಕು ಗುಟುಕಾಗಿ ನೀರು ಒಳಗೆ ಉಳಿಯುತ್ತಿದೆ, ನೋವು ಮಾತ್ರೆಯಲ್ಲೇ ಹತೋಟಿಗೆ ಬರುತ್ತಿದೆ, ಜ್ವರವಿಲ್ಲ, ನಾಡಿ ಸರಿಯಾಗಿದೆ, ರೋಗಿ ತಾನೇ ಎದ್ದು ಓಡಾಡುತ್ತಿದ್ದಾನೆ ಎಂದಾದರೆ ಒಂದರಿಂದ ಮೂರು ದಿನದಲ್ಲಿ ಮನೆಗೆ ಕಳಿಸುವುದು ಸಾಮಾನ್ಯ. ಮುಖ್ಯವಾಗಿ ನೋಡಬೇಕಾದದ್ದು ಈ ಲಕ್ಷಣಗಳನ್ನು, ದಿನದ ಲೆಕ್ಕವನ್ನಲ್ಲ. ಇವುಗಳಲ್ಲಿ ಒಂದು ಸರಿಯಿಲ್ಲದಿದ್ದರೂ ಇನ್ನೂ ಇರಿಸಿಕೊಳ್ಳಿ ಎಂದು ಕೇಳುವುದು ರೋಗಿಯ ಹಕ್ಕು.

ಬೆಳಗಾವಿ, ನಂತರ ನಂದಿಬೆಟ್ಟ

ಗಾಂಧೀಜಿಗೆ ವಿಶ್ರಾಂತಿ ಒಗ್ಗಲಿಲ್ಲ. ಜುಹುವಿನಲ್ಲೇ ಮೋತಿಲಾಲ್ ನೆಹರೂ, ಚಿತ್ತರಂಜನ ದಾಸ್ ಅವರೊಡನೆ ರಾಜಕೀಯ ಚರ್ಚೆ ನಡೆಯಿತು. ಸೆಪ್ಟೆಂಬರ್‌ನಲ್ಲಿ ಹಿಂದೂ-ಮುಸ್ಲಿಂ ಐಕ್ಯಕ್ಕಾಗಿ ದೆಹಲಿಯಲ್ಲಿ 21 ದಿನ ಉಪವಾಸ ಮಾಡಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ನಮ್ಮ ಪಕ್ಕದ ಬೆಳಗಾವಿಗೆ ಬಂದು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು. ಅವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ಧಾರವಾಡ ಜಿಲ್ಲೆಯವರಿಗೆ ಅದು ಮನೆಯ ನೆನಪು. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ ಅವರ ಸೇವಾದಳದ ಸ್ವಯಂಸೇವಕರು ಅಲ್ಲಿ ದುಡಿದರು, ಬಾಲಕಿ ಗಂಗೂಬಾಯಿ ಹಾನಗಲ್ ಅಲ್ಲಿ ಹಾಡಿದರು.

ಆದರೆ ದೇಹ ಲೆಕ್ಕ ಇಟ್ಟಿತ್ತು. 1927ರ ಮಾರ್ಚ್‌ನಲ್ಲಿ ಇದೇ ಗಡಿಭಾಗದ ಪ್ರವಾಸದಲ್ಲಿ, ಕೊಲ್ಹಾಪುರದಲ್ಲಿ ಕುಸಿದರು. ರಕ್ತದೊತ್ತಡ ಏರಿತ್ತು. ಈ ಸಲ ವೈದ್ಯರ ಮಾತು ಕೇಳಿ ನಂದಿಬೆಟ್ಟದಲ್ಲಿ ಸುಮಾರು ಒಂದೂವರೆ ತಿಂಗಳು ಉಳಿದು, ಸುಧಾರಿಸಿಕೊಂಡ ಮೇಲೆ ಕರ್ನಾಟಕದ ಪ್ರವಾಸ ಮುಂದುವರಿಸಿದರು. ನಂತರ ಇಪ್ಪತ್ತು ವರ್ಷ ದುಡಿದರು. 1948ರ ಜನವರಿ 30ರಂದು ಅವರನ್ನು ಕೊಂದದ್ದು ಕಾಯಿಲೆಯಲ್ಲ, ಗುಂಡು.

ಒಂದು ಎಚ್ಚರಿಕೆ: ಗಾಂಧೀಜಿ ಆಪರೇಷನ್ ಆದ ಎಂಟು ತಿಂಗಳಿಗೆ ಉಪವಾಸ ಮಾಡಿದರು ಎಂದು ತೂಕ ಇಳಿಸುವ ಆಪರೇಷನ್ ಆದವರು ಶ್ರಾವಣ, ಏಕಾದಶಿ, ರೋಜಾ ಹಿಡಿಯಬಾರದು. ವೈದ್ಯರನ್ನು ಕೇಳದೆ ಮಾಡಿದ ಉಪವಾಸದಿಂದ ನೀರಿನಂಶ, ಪ್ರೋಟೀನ್, ವಿಟಮಿನ್ ಬೇಗ ಕುಸಿಯುತ್ತವೆ.

ಮನೆಗೆ ಬಂದ ಮೇಲೆ ನಮ್ಮ ಕಡೆ ಏನು ಮಾಡಬೇಕು?

ಆಸ್ಪತ್ರೆ ವಾಸ ಚಿಕ್ಕದಾದಷ್ಟೂ ಮನೆಯವರ ಕೆಲಸ ಹೆಚ್ಚುತ್ತದೆ. ಸ್ಲೀವ್ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಭಾಗದಷ್ಟು ತೆಗೆಯುತ್ತಾರೆ. ಉಳಿದ ಕಿರಿದಾದ ಚೀಲದ ಹೊಲಿಗೆ ಮಾಯಲು ವಾರಗಳು ಬೇಕು.

ಮೊದಲ ಒಂದೆರಡು ವಾರ ತೆಳುವಾದದ್ದೇ ಊಟ: ನೀರು, ಬೇಳೆಕಟ್ಟು, ನೀರು ಮಜ್ಜಿಗೆ, ವೈದ್ಯರು ಹೇಳಿದ ಪ್ರೋಟೀನ್ ಪುಡಿ. ಆಮೇಲೆ ನುಣ್ಣಗೆ ಅರೆದದ್ದು, ನಂತರ ಮೆತ್ತಗಿನದು. ಕಟಕ್ ರೊಟ್ಟಿ, ಮಿರ್ಚಿ, ಹೋಳಿಗೆ ಇವುಗಳ ಮಾತು ಈಗ ಬೇಡ. ನೋಡಲು ಬಂದ ಬೀಗರು ಒಂದು ತುತ್ತು ತಿನ್ನು ಅಂತ ಒತ್ತಾಯ ಮಾಡಿದರೆ ಮನೆಯವರೇ ತಡೆಯಬೇಕು. ರೋಗಿ ದಿನಕ್ಕೆ ನಾಲ್ಕಾರು ಸಲ ಅಂಗಳದಲ್ಲಿ ಅಡ್ಡಾಡಬೇಕು, ಭಾರ ಎತ್ತಬಾರದು. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆಗಳ ಪ್ರಮಾಣ ಬದಲಾಗಬಹುದು, ಹಳೆಯ ಚೀಟಿ ನೋಡಿ ನುಂಗಬೇಡಿ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ನೋವಿನ ಮಾತ್ರೆ ಜಠರದಲ್ಲಿ ಹುಣ್ಣು ಮಾಡಬಹುದು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ ಬೇಕು.

ಈ ಲಕ್ಷಣ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ:

- ನೀರೂ ನಿಲ್ಲದಂತೆ ಪದೇ ಪದೇ ವಾಂತಿ
- ಕುಳಿತಿದ್ದರೂ ಎದೆ ಡವಡವ, ನಾಡಿ ನಿಮಿಷಕ್ಕೆ 120 ದಾಟಿರುವುದು
- ಜ್ವರ, ಚಳಿ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು
- ಉಸಿರಾಟದ ತೊಂದರೆ, ಎದೆನೋವು
- ಒಂದು ಮೀನಖಂಡ ಬಾತು ನೋಯುವುದು
- ಕಪ್ಪು ಮಲ, ರಕ್ತವಾಂತಿ

ಹೊಲಿಗೆ ಸೋರುವುದು, ರಕ್ತ ಹೆಪ್ಪುಗಟ್ಟುವುದು ಅಪರೂಪ. ಆದರೆ ಎಷ್ಟೋ ಸಲ ಅವು ಕಾಣಿಸಿಕೊಳ್ಳುವುದು ಮನೆಗೆ ಬಂದ ಮೇಲೆಯೇ. ನವಲಗುಂದ, ಅಣ್ಣಿಗೇರಿಯಿಂದ ಹುಬ್ಬಳ್ಳಿ ಸುಮಾರು 35 ಕಿ.ಮೀ. ಮಳೆಗಾಲದ ರಾತ್ರಿ, ಹಳ್ಳ ತುಂಬಿದಾಗ ಅದು ಇನ್ನೂ ದೂರ. ಆದ್ದರಿಂದ ಡಿಸ್ಚಾರ್ಜ್ ಆಗುವ ಮೊದಲೇ ಮೂರು ಪ್ರಶ್ನೆ ಕೇಳಿ: ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು? ಮುಂದಿನ ಭೇಟಿ ಯಾವಾಗ? ನಮ್ಮೂರು ದೂರ, ಮೊದಲ ವಾರ ಹುಬ್ಬಳ್ಳಿ-ಧಾರವಾಡದ ನೆಂಟರ ಮನೆಯಲ್ಲಿ ಇರುವುದು ಒಳ್ಳೆಯದೇ? ತುರ್ತು ಎನಿಸಿದರೆ 108ಕ್ಕೆ ಕರೆ ಮಾಡಿ, ಆಪರೇಷನ್ ಆದ ತಾರೀಖು ಹೇಳಿ, ಡಿಸ್ಚಾರ್ಜ್ ಚೀಟಿ ಜೊತೆಗೆ ಒಯ್ಯಿರಿ.

ಸತ್ಯ ಏನು?

ಬೇಗ ಮನೆಗೆ ಕಳಿಸುವುದು ತನ್ನಷ್ಟಕ್ಕೆ ಮೋಸವಲ್ಲ, ನಿರ್ಲಕ್ಷ್ಯವೂ ಅಲ್ಲ. ಮನೆಗೆ ಬಂದ ಮಾತ್ರಕ್ಕೆ ಚಿಕಿತ್ಸೆ ಮುಗಿದಂತೆಯೂ ಅಲ್ಲ. ಅಂದು ಗಾಂಧೀಜಿಯನ್ನು ಎರಡು ತಿಂಗಳು ಆಸ್ಪತ್ರೆಯಲ್ಲಿ ಇರಿಸಿದ ಕಾರಣಗಳಲ್ಲಿ ಹೆಚ್ಚಿನವು ಇಂದು ಇಲ್ಲ. ಆದರೆ ಹಬ್ಬದ ದಿನ ಅವರನ್ನು ಸಾವಿನ ಅಂಚಿಗೆ ಒಯ್ದ ಕಾರಣ ನಮ್ಮ ಅಡುಗೆಮನೆಗಳಲ್ಲಿ ಇಂದಿಗೂ ಇದೆ. ಮನೆಯಲ್ಲಿ ಯಾರಿಗಾದರೂ ಈ ಆಪರೇಷನ್ ಆಗಲಿದ್ದರೆ ಮೇಲಿನ ಲಕ್ಷಣಗಳ ಪಟ್ಟಿಯನ್ನು ಅವರಿಗಷ್ಟೇ ಅಲ್ಲ, ಅವರಿಗೆ ಅಡುಗೆ ಮಾಡುವವರಿಗೂ ಕಳಿಸಿ.